ಕೆಂಪು ಎಲೆ ಹಿಡಿದು ಬಂದ ಹುಡುಗಿ



ಮಗುವೊಂದು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿಲ್ಲದೆ ಅದನ್ನು ಗದರಿಸಿ ಸುಮ್ಮನಾಗಿಸಿದ್ದು ನಿಮ್ಮ ಅನುಭವದಲ್ಲಿ ಉಂಟೇ? ನನ್ನ ಅನುಭವದಲ್ಲಿ ಉಂಟು. ಅದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಆ ನಾಚಿಕೆಯಿಂದಲೇ ನಾನು ಒಂದು ಒಳ್ಳೆಯ ಪಾಠ ಕಲಿತೆ. ಈ ತಿಂಗಳು ಅದನ್ನೇ ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ನಮ್ಮ ಶಾಲೆಯ ಅಂಗಳದಲ್ಲಿ ಒಂದು ದೊಡ್ಡ ಬಾದಾಮಿ ಮರವಿದೆ. ಅಂಗಡಿಯಲ್ಲಿ ಸಿಗುವ ದುಬಾರಿ ಬಾದಾಮಿಯ ಮರವಲ್ಲ. ನಮ್ಮ ಕರಾವಳಿಯಲ್ಲೆಲ್ಲಾ ಕಾಣುವ, ಅಗಲವಾದ ಎಲೆಗಳ, ಅಂತಸ್ತು ಅಂತಸ್ತಾಗಿ ರೆಂಬೆ ಚಾಚುವ ನಾಡ ಬಾದಾಮಿ. ಮಕ್ಕಳು ಅದರ ಕಾಯಿಯನ್ನು ಕಲ್ಲಿನಲ್ಲಿ ಜಜ್ಜಿ, ಒಳಗಿನ ಬೆರಳುದ್ದದ ತಿರುಳಿಗಾಗಿ ಜಗಳವಾಡುತ್ತಾರೆ. ಚಳಿಗಾಲ ಬಂತೆಂದರೆ ಆ ಮರದ ಎಲೆಗಳು ಒಂದೊಂದಾಗಿ ಹಳದಿ, ಕಿತ್ತಳೆ, ಕಡುಗೆಂಪು ಬಣ್ಣಕ್ಕೆ ತಿರುಗಿ ಉದುರತೊಡಗುತ್ತವೆ.

ಕಳೆದ ವರ್ಷದ ಜನವರಿಯಲ್ಲಿ ಐದನೇ ತರಗತಿಯ ಒಬ್ಬ ಹುಡುಗಿ ಅಂತಹ ಒಂದು ಕೆಂಪು ಎಲೆಯನ್ನು ತಂದು ನನ್ನ ಮೇಜಿನ ಮೇಲಿಟ್ಟಳು. "ಟೀಚರ್, ಈ ಎಲೆಗೆ ಏನಾಗಿದೆ? ಕಾಯಿಲೆಯಾ?" ಎಂದು ಕೇಳಿದಳು.

"ಇಲ್ಲ, ಅದಕ್ಕೆ ವಯಸ್ಸಾಗಿದೆ" ಎಂದೆ.

"ನನ್ನ ಅಜ್ಜಿಗೂ ವಯಸ್ಸಾಗಿದೆಯಲ್ಲ, ಅವರು ಯಾಕೆ ಕೆಂಪಾಗಿಲ್ಲ?"

ಇಡೀ ತರಗತಿ ನಕ್ಕಿತು. ನನಗೆ ಮಾತ್ರ ಸಿಟ್ಟು ಬಂತು. "ಅಲ್ಲಾಹನು ಹಾಗೆ ಸೃಷ್ಟಿಸಿದ್ದಾನೆ, ಹೋಗಿ ಕೂತುಕೋ" ಎಂದು ಗದರಿಸಿಬಿಟ್ಟೆ. ಅವಳು ಎಲೆಯನ್ನು ತೆಗೆದುಕೊಂಡು ತಲೆ ತಗ್ಗಿಸಿ ಹೋದಳು.

ಹೇಳಿದ ಮಾತು ಸುಳ್ಳಲ್ಲ. ಆದರೆ ನಾನು ಅದನ್ನು ಹೇಳಿದ್ದು ಸೃಷ್ಟಿಕರ್ತನನ್ನು ನೆನಪಿಸಲಿಕ್ಕಲ್ಲ, ನನ್ನ ಅಜ್ಞಾನವನ್ನು ಮುಚ್ಚಿಕೊಳ್ಳಲಿಕ್ಕೆ. ಉದುರುವ ಒಂದೊಂದು ಎಲೆಯೂ ಅವನ ಅರಿವಿನಲ್ಲಿದೆ ಎಂಬ ವಿಶ್ವಾಸದಲ್ಲಿ ಬೆಳೆದವರು ನಾವು. ಆ ಎಲೆಯ ಬಗ್ಗೆ ಎರಡು ಮಾತು ತಿಳಿದುಕೊಳ್ಳಲು ನಾನೇ ಒಮ್ಮೆಯೂ ಪ್ರಯತ್ನಿಸಿರಲಿಲ್ಲ. ಮದ್ರಸದಲ್ಲಿ ಅರಬಿ ವ್ಯಾಕರಣ ಕಲಿತೆ, ಆಮೇಲೆ ಮನೆಯಲ್ಲೇ ಓದಿ ಬಿ.ಎ. ಮುಗಿಸಿದೆ. ವಿಜ್ಞಾನದ ಪುಸ್ತಕವನ್ನು ಹೈಸ್ಕೂಲಿನ ನಂತರ ಮುಟ್ಟಿದ್ದೇ ಇಲ್ಲ. ಆ ದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ ನಮ್ಮ ವಿಜ್ಞಾನದ ಟೀಚರ್ ಬಳಿ ಕುಳಿತು, ವಿದ್ಯಾರ್ಥಿನಿಯಂತೆ ಕೇಳಿದೆ. ಆಮೇಲೆ ಗ್ರಂಥಾಲಯದಿಂದ ಪುಸ್ತಕ ತಂದು ಓದಿದೆ. ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಎಲೆ ಎಂದರೆ ಮರದ ಅಡುಗೆಮನೆ. ಬೇರಿನಿಂದ ಬಂದ ನೀರು ಮತ್ತು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಅಲ್ಲಿನ ಸಾಮಾನು. ಬಿಸಿಲು ಅಲ್ಲಿನ ಬೆಂಕಿ. ತಯಾರಾಗುವ ಅಡುಗೆ ಸಕ್ಕರೆ. ಈ ಅಡುಗೆಗೆ ಬಿಸಿಲನ್ನು ಹಿಡಿದುಕೊಡುವ ವಸ್ತುವೇ ಪತ್ರಹರಿತ್ತು, ಅಂದರೆ ಕ್ಲೋರೋಫಿಲ್. 1817ರಲ್ಲಿ ಪೆಲೆಟಿಯೇ ಮತ್ತು ಕಾವಾಂಟೂ ಎಂಬ ಇಬ್ಬರು ಫ್ರೆಂಚ್ ವಿಜ್ಞಾನಿಗಳು ಇದನ್ನು ಎಲೆಯಿಂದ ಬೇರ್ಪಡಿಸಿದರು. ಬಿಸಿಲಿನಲ್ಲಿರುವ ಕೆಂಪು ಮತ್ತು ನೀಲಿ ಬೆಳಕನ್ನು ಇದು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಹಸಿರನ್ನು ಹೆಚ್ಚು ಹೀರದೆ ಬಿಟ್ಟುಬಿಡುತ್ತದೆ. ಆ ಬಿಟ್ಟ ಬೆಳಕೇ ನಮ್ಮ ಕಣ್ಣಿಗೆ ಬೀಳುವುದರಿಂದ ಎಲೆ ಹಸಿರಾಗಿ ಕಾಣುತ್ತದೆ.

ಆದರೆ ಎಲೆಯಲ್ಲಿ ಹಸಿರು ಮಾತ್ರ ಇರುವುದಲ್ಲ. ಹಳದಿ, ಕಿತ್ತಳೆ ಬಣ್ಣದ ಕೆರೊಟಿನಾಯ್ಡ್‌ಗಳೂ ಮೊದಲಿನಿಂದಲೇ ಅಲ್ಲಿವೆ. ಕ್ಯಾರೆಟ್, ಸಿಹಿಗುಂಬಳ, ಮಾವಿನ ಹಣ್ಣು, ಮೊಟ್ಟೆಯ ಹಳದಿ ಭಾಗ, ಇವುಗಳಿಗೆ ಬಣ್ಣ ಕೊಡುವುದು ಇದೇ ಗುಂಪಿನ ವಸ್ತುಗಳು. ಹಸಿರು ಜಾಸ್ತಿ ಇರುವಾಗ ಅವು ಕಾಣುವುದಿಲ್ಲ. ದೊಡ್ಡ ಸಂಸಾರದಲ್ಲಿ ಜೋರು ದನಿಯ ಒಬ್ಬರು ಮಾತನಾಡುತ್ತಿದ್ದರೆ ಮೆಲುದನಿಯವರ ಮಾತು ಕೇಳಿಸದಿರುವ ಹಾಗೆ.

ಪತ್ರಹರಿತ್ತು ಒಮ್ಮೆ ತಯಾರಾಗಿ ಹಾಗೇ ಉಳಿಯುವ ವಸ್ತುವಲ್ಲ. ಅದು ದಿನವೂ ಹಾಳಾಗುತ್ತಿರುತ್ತದೆ, ಮರ ದಿನವೂ ಹೊಸದನ್ನು ತಯಾರಿಸುತ್ತಿರುತ್ತದೆ. ಎಲೆಯ ಕೆಲಸ ಮುಗಿಯುವ ಕಾಲ ಬಂದಾಗ ಮರ ಹೊಸದನ್ನು ಮಾಡುವುದನ್ನು ನಿಲ್ಲಿಸುತ್ತದೆ. ಹಸಿರು ಕರಗುತ್ತದೆ. ಅಡಿಯಲ್ಲಿದ್ದ ಹಳದಿ ಹೊರಗೆ ಕಾಣುತ್ತದೆ. ಬಾಳೆಹಣ್ಣಿನ ಸಿಪ್ಪೆ ಹಳದಿಯಾಗುವುದೂ ಹೀಗೆಯೇ. ಅಂದರೆ ಹಳದಿ ಎಲೆಗೆ ಯಾರೂ ಬಣ್ಣ ಬಳಿದದ್ದಲ್ಲ, ಹಸಿರು ಪರದೆ ಸರಿದದ್ದು ಅಷ್ಟೇ.

ಹಾಗಾದರೆ ಆ ಹುಡುಗಿ ತಂದ ಕೆಂಪು? ಅದರ ಕಥೆ ಬೇರೆ. ಕೆಂಪು ಬಣ್ಣದ ಆಂಥೋಸಯನಿನ್ ಎಂಬ ವಸ್ತುವನ್ನು ಎಲೆ ಕೆಂಪಾಗುವ ಹೆಚ್ಚಿನ ಮರಗಳು ಕೊನೆಯ ದಿನಗಳಲ್ಲಿ ಎಲೆಯ ಸಕ್ಕರೆಯಿಂದ ಹೊಸದಾಗಿ ತಯಾರಿಸುತ್ತವೆ. ನಮ್ಮ ಪುನರ್ಪುಳಿ ಶರಬತ್ತಿನ ಕೆಂಪು, ನೇರಳೆ ಹಣ್ಣು ತಿಂದಾಗ ನಾಲಿಗೆಗೆ ಹತ್ತುವ ಬಣ್ಣ, ಕೆಂಪು ಈರುಳ್ಳಿಯ ಸಿಪ್ಪೆ, ಎಲ್ಲದರಲ್ಲೂ ಇರುವುದು ಈ ಬಳಗದ ಬಣ್ಣವೇ. ಉದುರಿ ಹೋಗುವ ಎಲೆಗೆ ಮರ ಇಷ್ಟೊಂದು ಖರ್ಚು ಮಾಡುವುದೇಕೆ? ವಿಜ್ಞಾನಿಗಳಲ್ಲಿ ಒಂದೇ ಅಭಿಪ್ರಾಯವಿಲ್ಲ. ಹಸಿರಿನ ರಕ್ಷಣೆ ಕಡಿಮೆಯಾದ ಎಲೆಗೆ ಬಿಸಿಲಿನಿಂದ ಹಾನಿಯಾಗದಂತೆ ಇದು ಕೊಡೆ ಹಿಡಿಯುತ್ತದೆ ಎನ್ನುವವರು ಹಲವರು. ಕೀಟಗಳನ್ನು ದೂರವಿಡುವ ಗುರುತು ಎನ್ನುವವರು ಕೆಲವರು. ನಮ್ಮ ಮಾವಿನ ಮರದ ಎಳೆಯ ಚಿಗುರು ತಾಮ್ರದ ಬಣ್ಣದಲ್ಲಿರುವುದನ್ನು ನೀವು ನೋಡಿರುತ್ತೀರಿ. ಅಲ್ಲಿಯೂ ಇದೇ ಕೆಂಪು. ಹುಟ್ಟಿದ ಎಲೆಗೂ ಹೊರಡುವ ಎಲೆಗೂ ಒಂದೇ ಬಗೆಯ ಹೊದಿಕೆ!

ಇಷ್ಟು ದಿನ ಬಿಸಿಲನ್ನು ತಡೆದು ಎಲೆಯನ್ನು ಉಳಿಸಿಕೊಳ್ಳುವುದೇಕೆ? ಇಲ್ಲಿದೆ ನನ್ನನ್ನು ಹೆಚ್ಚು ಅಚ್ಚರಿಗೊಳಿಸಿದ ವಿಷಯ. ಬಾಡಿಗೆ ಮನೆ ಖಾಲಿ ಮಾಡುವಾಗ ನಾವೇನು ಮಾಡುತ್ತೇವೆ? ಪಾತ್ರೆ, ಬಟ್ಟೆ, ಕಪಾಟು ಎಲ್ಲವನ್ನೂ ಸಾಗಿಸಿ, ಕೊನೆಗೆ ಬಾಗಿಲು ಹಾಕಿ ಬೀಗ ಜಡಿಯುತ್ತೇವೆ. ಮರವೂ ಹಾಗೆಯೇ ಮಾಡುತ್ತದೆ. ಎಲೆಯೊಳಗಿನ ಪ್ರೋಟೀನುಗಳನ್ನು ಒಡೆದು ಅದರ ಸಾರಜನಕವನ್ನು, ಜೊತೆಗೆ ರಂಜಕವನ್ನು ರೆಂಬೆಗೆ ವಾಪಸು ಎಳೆದುಕೊಳ್ಳುತ್ತದೆ. ಸಾಮಾನ್ಯವಾಗಿ ಸುಮಾರು ಅರ್ಧದಷ್ಟು, ಕೆಲವು ಮರಗಳಲ್ಲಿ ಅದಕ್ಕಿಂತಲೂ ಹೆಚ್ಚು ಹೀಗೆ ಉಳಿತಾಯವಾಗುತ್ತದೆ. ಮುಂದಿನ ಚಿಗುರಿಗೆ ಅದೇ ಬಂಡವಾಳ. ಸಾಗಿಸಲಾಗದ ಸುಣ್ಣದಂಶ ಮೊದಲಾದವು ಎಲೆಯಲ್ಲೇ ಉಳಿಯುತ್ತವೆ.

ಆಮೇಲೆ ಬಾಗಿಲು ಹಾಕುವ ಕೆಲಸ. ಎಲೆಯ ತೊಟ್ಟು ರೆಂಬೆಗೆ ಸೇರುವಲ್ಲಿ ಕೆಲವು ಸಾಲು ಕೋಶಗಳ ಒಂದು ತೆಳುವಾದ ಪದರವಿದೆ. ಎಲೆ ಆರೋಗ್ಯವಾಗಿರುವಾಗ ಅದರಿಂದ ಆಕ್ಸಿನ್ ಎಂಬ ರಸಾಯನಿಕ ಹರಿದು ಬಂದು, "ನಾನಿನ್ನೂ ಕೆಲಸ ಮಾಡುತ್ತಿದ್ದೇನೆ" ಎಂದು ಈ ಪದರಕ್ಕೆ ತಿಳಿಸುತ್ತಿರುತ್ತದೆ. ಆ ಸುದ್ದಿ ಕಡಿಮೆಯಾದಾಗ ಎಥಿಲೀನ್ ಎಂಬ ಅನಿಲದ ಪ್ರಭಾವ ಹೆಚ್ಚುತ್ತದೆ. ಪದರದ ಕೋಶಗಳ ನಡುವಿನ ಅಂಟು ಕರಗುತ್ತದೆ. ರೆಂಬೆಯ ಕಡೆಯಲ್ಲಿ ಬಿರಡೆಯಂತಹ ಪದರ ಬೆಳೆದು ಗಾಯವನ್ನು ಮುಚ್ಚುತ್ತದೆ. ಇನ್ನು ಒಂದು ಸಣ್ಣ ಗಾಳಿ ಸಾಕು.

ಎಥಿಲೀನ್ ಎಂದರೆ ಯಾವುದೋ ಪ್ರಯೋಗಾಲಯದ ವಸ್ತು ಎಂದುಕೊಳ್ಳಬೇಡಿ. ನಮ್ಮ ಹಿರಿಯರು ಬಾಳೆಗೊನೆಗೆ ಹೊಗೆ ಹಾಕಿ ಹಣ್ಣು ಮಾಡುತ್ತಿದ್ದರಲ್ಲ? ಆ ಹೊಗೆಯಲ್ಲಿರುವ ಎಥಿಲೀನ್ ಕಾಯಿಯನ್ನು ಹಣ್ಣಾಗಿಸುತ್ತದೆ. ಅಕ್ಕಿಯ ಡಬ್ಬದಲ್ಲಿ ಮುಚ್ಚಿಟ್ಟ ಮಾವು ಬೇಗ ಹಣ್ಣಾಗುವುದು ಅದೇ ಬಿಡುವ ಎಥಿಲೀನ್ ಅಲ್ಲೇ ಉಳಿಯುವುದರಿಂದ. 19ನೇ ಶತಮಾನದಲ್ಲಿ ಯುರೋಪಿನ ನಗರಗಳಲ್ಲಿ ಬೀದಿದೀಪಗಳಿಗೆ ಗ್ಯಾಸ್ ಒಯ್ಯುವ ಕೊಳವೆ ಸೋರಿದಲ್ಲೆಲ್ಲಾ ಮರಗಳ ಎಲೆ ಅಕಾಲದಲ್ಲಿ ಉದುರುತ್ತಿದ್ದವು. ಗಿಡಗಳ ಮೇಲೆ ಆ ಗ್ಯಾಸಿನ ಪರಿಣಾಮಕ್ಕೆ ಎಥಿಲೀನೇ ಕಾರಣ ಎಂದು 1901ರಲ್ಲಿ ತೋರಿಸಿಕೊಟ್ಟವರು ರಷ್ಯದ ನೆಲ್ಯುಬೋವ್.

ಇದೆಲ್ಲ ನಿಜವೇ ಎಂದು ನೋಡಬೇಕಾದರೆ ಪ್ರಯೋಗಾಲಯ ಬೇಡ. ಗಾಳಿಗೆ ಮುರಿದು ಬಿದ್ದ ಹಸಿರು ರೆಂಬೆಯನ್ನು ನೋಡಿ. ಅದರ ಎಲೆಗಳು ಒಣಗಿ ಕಂದಾಗುತ್ತವೆ, ಆದರೆ ಸುಲಭವಾಗಿ ಉದುರುವುದಿಲ್ಲ. ವಾರಗಟ್ಟಲೆ ರೆಂಬೆಗೆ ಅಂಟಿಕೊಂಡಿರುತ್ತವೆ. ಏಕೆಂದರೆ ಎಲೆಯನ್ನು ಬಿಡಿಸಿ ಗಾಯ ಮುಚ್ಚುವ ಕೆಲಸ ಜೀವವಿರುವ ಮರದ್ದು. ಸತ್ತ ರೆಂಬೆಗೆ ಆ ಶಕ್ತಿ ಇಲ್ಲ. ಹಾಗಾದರೆ ಎಲೆ ಉದುರುವುದು ಕಾಯಿಲೆಯ ಲಕ್ಷಣವಲ್ಲ, ಮರ ಬದುಕಿದೆ ಎಂಬುದರ ಲಕ್ಷಣ. ನಾನು ಗದರಿಸಿ ಕಳುಹಿಸಿದ ಹುಡುಗಿಗೆ ಕೊಡಬೇಕಾಗಿದ್ದ ಉತ್ತರ ಇದು!

ಮರಗಳಿಗೆ ಈ ಕಾಲ ಬಂತೆಂದು ತಿಳಿಯುವುದು ಹೇಗೆ? ಚಳಿ ದೇಶಗಳಲ್ಲಿ ಹಗಲು ಚಿಕ್ಕದಾಗುವುದು, ಚಳಿ ಹೆಚ್ಚುವುದು ಇದಕ್ಕೆ ಸೂಚನೆ. ಹೆಪ್ಪುಗಟ್ಟಿದ ನೆಲದಿಂದ ನೀರು ಸಿಗದ ಕಾಲದಲ್ಲಿ ಅಗಲದ, ಮೃದುವಾದ ಎಲೆಗಳನ್ನು ಇಟ್ಟುಕೊಳ್ಳುವುದು ಮರಕ್ಕೆ ನಷ್ಟ. ಎಲೆ ತುಂಬ ಹಿಮ ಕುಳಿತರೆ ರೆಂಬೆಯೂ ಮುರಿಯಬಹುದು. ಕೆನಡಾ ದೇಶವು ಮೇಪಲ್ ಮರದ ಕೆಂಪು ಎಲೆಯನ್ನೇ 1965ರಲ್ಲಿ ತನ್ನ ಧ್ವಜಕ್ಕೆ ಆರಿಸಿಕೊಂಡಿತು. ಅಷ್ಟು ದೂರ ಹೋಗುವುದೂ ಬೇಡ, ನಮ್ಮ ಕಾಶ್ಮೀರದಲ್ಲಿ ಶರತ್ಕಾಲಕ್ಕೆ 'ಹರುದ್' ಎನ್ನುತ್ತಾರೆ. ಅಕ್ಟೋಬರ್ ಕೊನೆಗೆ, ನವೆಂಬರ್‌ನಲ್ಲಿ ಶ್ರೀನಗರದ ನಸೀಮ್ ಬಾಗ್‌ನ ಹಳೆಯ ಚಿನಾರ್ ಮರಗಳೆಲ್ಲ ಕೆಂಡದ ಬಣ್ಣಕ್ಕೆ ತಿರುಗುತ್ತವೆ. ಹಗಲು ಒಳ್ಳೆಯ ಬಿಸಿಲು, ರಾತ್ರಿ ತಂಪು ಇದ್ದ ವರ್ಷ ಕೆಂಪು ಹೆಚ್ಚು ಗಾಢ. ಉದುರಿದ ಚಿನಾರ್ ಎಲೆಗಳನ್ನು ಅಲ್ಲಿನ ಹೆಂಗಸರು ಗುಡಿಸಿ ಒಟ್ಟುಮಾಡಿ, ಇದ್ದಿಲು ಮಾಡಿ, ಚಳಿಗಾಲಕ್ಕೆ ಕಾಂಗಡಿಯೊಳಗೆ ತುಂಬಲು ತೆಗೆದಿಡುತ್ತಾರೆ. ನಮಗೆ ನೋಡುವ ಸೊಬಗು, ಅವರಿಗೆ ಚಳಿಗಾಲದ ಸಂಗ್ರಹ.

ನಮ್ಮ ಕಡೆ ಹಿಮವಿಲ್ಲ. ಇಲ್ಲಿನ ಕಷ್ಟ ಚಳಿಯದ್ದಲ್ಲ, ನೀರಿನದ್ದು. ಮಳೆ ನಿಂತು ನೆಲ ಒಣಗುತ್ತಾ ಬಂದಂತೆ ಎಲೆಗಳ ಮೂಲಕ ಆವಿಯಾಗಿ ಹೋಗುವ ನೀರನ್ನು ಮರ ಉಳಿಸಬೇಕು. ಆದ್ದರಿಂದ ತೇಗ, ಮುತ್ತುಗ ಮೊದಲಾದವು ಬೇಸಿಗೆಗೆ ಮುಂಚೆಯೇ ಬೋಳಾಗುತ್ತವೆ. ಬೇವು, ಹೊಂಗೆ, ಅರಳಿ ಎಲೆ ಉದುರಿಸಿ ಯುಗಾದಿಯ ಆಸುಪಾಸಿಗೆ ಮತ್ತೆ ಚಿಗುರುತ್ತವೆ. ಮಾವು, ಹಲಸು ಸದಾ ಹಸಿರು ಎನ್ನುತ್ತೇವೆ. ಆದರೆ ಅವುಗಳ ಎಲೆ ಉದುರುವುದಿಲ್ಲವೆಂದಲ್ಲ, ಒಟ್ಟಿಗೆ ಉದುರುವುದಿಲ್ಲ ಅಷ್ಟೇ. ಹಲಸಿನ ಮರದಡಿ ದಿನವೂ ಗುಡಿಸುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇಷ್ಟೆಲ್ಲ ತಿಳಿದುಕೊಂಡು ಉತ್ಸಾಹದಿಂದ ತರಗತಿಗೆ ಹೋದರೆ ಆ ಹುಡುಗಿ ಬಂದಿರಲಿಲ್ಲ. ಮೂರು ದಿನ ಬರಲಿಲ್ಲ. ನಾಲ್ಕನೇ ದಿನ ಅವಳ ತಾಯಿ ಬಂದರು. ಮುಖದಲ್ಲಿ ನಿದ್ದೆಯಿಲ್ಲದ ದಣಿವು. "ಟೀಚರೇ, ಮಗಳಿಗೆ ದಮ್ಮಿನ ಕಾಯಿಲೆ ಉಂಟೆಂದು ನಿಮಗೆ ಗೊತ್ತುಂಟಲ್ಲ. ಬೆಳಿಗ್ಗೆ ಶಾಲೆಯಲ್ಲಿ ಎಲೆ ಸುಡುವ ಹೊಗೆ ಕುಡಿದು ಬಂದರೆ ರಾತ್ರಿಯಿಡೀ ಉಬ್ಬಸ. ಮೊನ್ನೆ ಆಸ್ಪತ್ರೆಗೆ ಕರಕೊಂಡು ಓಡಬೇಕಾಯಿತು" ಎಂದರು.

ನಾನು ಏನು ಹೇಳಲಿ? ದಿನವೂ ಬೆಳಿಗ್ಗೆ ಅಂಗಳ ಗುಡಿಸಿ, ಐದನೇ ತರಗತಿಯ ಕಿಟಕಿಯ ಹಿಂದೆ ಎಲೆ ರಾಶಿ ಹಾಕಿ ಬೆಂಕಿ ಹಚ್ಚುವುದು ವರ್ಷಗಳಿಂದ ನಡೆದು ಬಂದ ಕ್ರಮ. ನಾನೇ ಎಷ್ಟೋ ಸಲ "ಬೇಗ ಸುಟ್ಟುಬಿಡಿ, ಅಸೆಂಬ್ಲಿಗೆ ಹೊತ್ತಾಯಿತು" ಎಂದು ಆಯಾಗೆ ಹೇಳಿದ್ದೇನೆ. ಒದ್ದೆ ಎಲೆಯ ದಟ್ಟ ಹೊಗೆಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ಕಣಗಳಿರುತ್ತವೆ, ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅವು ಶ್ವಾಸಕೋಶದ ಆಳಕ್ಕೆ ಹೋಗುತ್ತವೆ. ಮಕ್ಕಳಿಗೆ, ಮುದುಕರಿಗೆ, ಉಬ್ಬಸದವರಿಗೆ ಅದು ನೇರ ವಿಷ. ಕಸವನ್ನು ಬಯಲಲ್ಲಿ ಸುಡಬಾರದೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ಶಾಲೆಯಲ್ಲಿದ್ದು ನಮಗೇ ಅದು ಗೊತ್ತಿರಲಿಲ್ಲ.

ದೂರು ಆಡಳಿತ ಸಮಿತಿಗೆ ಹೋಯಿತು. ಅವರ ತೀರ್ಮಾನ ಬಹಳ ಸುಲಭದ್ದು: ಮರ ಕಡಿದುಬಿಡಿ. ಎಲೆಯೂ ಇಲ್ಲ, ಹೊಗೆಯೂ ಇಲ್ಲ. ಮುಂದಿನ ಶುಕ್ರವಾರಕ್ಕೆ ಕಡಿಯುವವರನ್ನೂ ಗೊತ್ತು ಮಾಡಿದರು.

ಶಾಲೆಗೆ ಮರಳಿ ಬಂದ ಹುಡುಗಿಗೆ ಈ ಸುದ್ದಿ ಯಾರು ಹೇಳಿದರೋ, ನನ್ನ ಬಳಿ ಬಂದು ಮೆಲ್ಲನೆ ಕೇಳಿದಳು: "ಟೀಚರ್, ನನ್ನಿಂದಾಗಿ ಮರ ಕಡಿಯುತ್ತಾರಾ?"

ಈ ಸಲ ನಾನು ಗದರಿಸಲಿಲ್ಲ. ಉತ್ತರ ಕೊಡುವ ಧೈರ್ಯವೂ ಆಗಲಿಲ್ಲ. ವಿಜ್ಞಾನದ ಟೀಚರನ್ನು ಕರೆದುಕೊಂಡು ಮುಖ್ಯೋಪಾಧ್ಯಾಯರ ಕೋಣೆಗೆ ಹೋದೆ. "ಸರ್, ಮಗುವನ್ನು ಆಸ್ಪತ್ರೆಗೆ ಕಳುಹಿಸಿದ್ದು ಮರವಲ್ಲ, ನಾವು ಹಚ್ಚಿದ ಬೆಂಕಿ. ಏಪ್ರಿಲ್ ಬಿಸಿಲಲ್ಲಿ ಮಕ್ಕಳು ಎಲ್ಲಿ ನಿಲ್ಲುವುದು? ಒಂದು ವರ್ಷ ನಮಗೆ ಕೊಡಿ. ಒಂದು ಎಲೆಯನ್ನೂ ಸುಡದೆ ಅಂಗಳ ಚೊಕ್ಕಟ ಇಡುತ್ತೇವೆ" ಎಂದೆವು. ಅವರು ಸಮಿತಿಯವರೊಡನೆ ಮಾತನಾಡಿದರು. ಅಂತೂ ಒಂದು ವರ್ಷದ ಗಡುವು ಸಿಕ್ಕಿತು.

ಸಂತೋಷದಿಂದ ಆಯಾಗೆ ಹೇಳಿದಾಗ ಅವರು ಹಿಡಿಸೂಡಿ ಕೆಳಗಿಟ್ಟು ನನ್ನನ್ನೇ ನೋಡಿದರು. "ಸರಿ ಟೀಚರೇ, ಗುಂಡಿ ತೋಡುವುದು ಯಾರು? ಎಲೆ ಹೊರುವುದು ಯಾರು? ಅದೂ ನಾನೇ ಅಲ್ಲವಾ? ಸುಡುವುದಾದರೆ ಒಂದು ಬೆಂಕಿಕಡ್ಡಿಯ ಕೆಲಸ" ಎಂದರು. ಅರುವತ್ತು ಸಮೀಪಿಸಿದ ಜೀವ, ಸೊಂಟ ನೋವು. ದಿನಕ್ಕೆ ಎರಡು ಬಾರಿ ಬಾಗಿ ಗುಡಿಸುವ ಅವರ ಕಷ್ಟವನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಪರಿಸರದ ಮಾತಾಡುವ ನಾವು ಅದರ ಭಾರವನ್ನು ಮಾತ್ರ ಇನ್ನೊಬ್ಬ ಹೆಣ್ಣಿನ ಸೊಂಟದ ಮೇಲೆ ಹಾಕುತ್ತೇವೆ. ನಮ್ಮ ಮನೆಗಳಲ್ಲೂ ಹೀಗೆಯೇ ಅಲ್ಲವೇ?

ಅಂದೇ ಸರದಿ ಪಟ್ಟಿ ಮಾಡಿದೆವು. ಐದನೇ ತರಗತಿಯಿಂದ ಮೇಲಿನ ಮಕ್ಕಳು, ಹುಡುಗರೂ ಹುಡುಗಿಯರೂ, ಜೊತೆಗೆ ಒಬ್ಬರು ಶಿಕ್ಷಕರು, ದಿನಕ್ಕೆ ಹತ್ತು ನಿಮಿಷ ಎಲೆ ಒಟ್ಟುಮಾಡುವುದು. ಗುಡಿಸಿ ಧೂಳೆಬ್ಬಿಸುವ ಕೆಲಸದಿಂದ ಆ ಹುಡುಗಿಗೆ ವಿನಾಯಿತಿ. ಗುಂಡಿ ತೋಡಲು ಮಕ್ಕಳ ತಂದೆಯಂದಿರಲ್ಲಿ ಇಬ್ಬರು ಒಂದು ಭಾನುವಾರ ಬಂದರು.

ನಿಮ್ಮ ಮನೆಯಂಗಳದಲ್ಲೂ ಇದನ್ನು ಮಾಡಬಹುದು, ಕ್ರಮ ಕಷ್ಟದ್ದಲ್ಲ. ನೀರು ನಿಲ್ಲದ ಜಾಗದಲ್ಲಿ ಮಂಡಿಯಾಳದ ಗುಂಡಿ ತೋಡಿ. ತರಗೆಲೆ ಒಂದು ಗೇಣು ಹಾಕಿ ತುಳಿಯಿರಿ. ಬಾದಾಮಿ, ಹಲಸಿನ ಎಲೆ ದಪ್ಪ, ಪುಡಿಮಾಡಿ ಹಾಕಿದರೆ ಬೇಗ ಕೊಳೆಯುತ್ತದೆ. ಅದರ ಮೇಲೆ ತರಕಾರಿ ಸಿಪ್ಪೆ, ಚಹಾದ ಚರಟ, ಸಿಕ್ಕಿದರೆ ಸ್ವಲ್ಪ ಸೆಗಣಿ ನೀರು. ಒಣ ಎಲೆಯಲ್ಲಿ ಸಾರಜನಕ ಕಡಿಮೆ, ಏಕೆಂದರೆ ಮರ ಅದನ್ನು ಮೊದಲೇ ಸಾಗಿಸಿದೆ ಎಂದು ಹೇಳಿದೆನಲ್ಲ? ಆ ಕೊರತೆಯನ್ನು ಅಡುಗೆಮನೆಯ ಹಸಿ ಕಸ ತುಂಬುತ್ತದೆ. ಮೇಲೆ ತೆಳುವಾಗಿ ಮಣ್ಣು ಹರಡಿ. ಹಿಂಡಿದ ಬಟ್ಟೆಯಷ್ಟು ತೇವ ಇರಲಿ. ಎರಡು ವಾರಕ್ಕೊಮ್ಮೆ ಮಗುಚಿ. ಮಾಂಸ, ಮೀನಿನ ಚೂರು ಹಾಕಬೇಡಿ, ನಾಯಿ, ಇಲಿ ಬರುತ್ತವೆ. ಕೆಲವು ತಿಂಗಳಲ್ಲಿ ಕಪ್ಪಾದ, ಮಳೆ ಬಿದ್ದ ನೆಲದ ವಾಸನೆಯ ಗೊಬ್ಬರ ಸಿಗುತ್ತದೆ. ಅಷ್ಟಕ್ಕೂ ಸಮಯವಿಲ್ಲದವರು ಒಣ ಎಲೆಯನ್ನು ಹಾಗೆಯೇ ತೆಂಗಿನ ಬುಡಕ್ಕೆ, ಮಲ್ಲಿಗೆ ಗಿಡದ ಸುತ್ತ ಹಾಸಿ. ಬೇಸಿಗೆಯಲ್ಲಿ ನೆಲದ ತೇವ ಆರುವುದು ನಿಧಾನವಾಗುತ್ತದೆ, ನೀರು ಹೊರುವ ಕೆಲಸ ಕಡಿಮೆಯಾಗುತ್ತದೆ. ಉತ್ತರ ಕನ್ನಡದ ಅಡಿಕೆ ಬೆಳೆಗಾರರು ಬೆಟ್ಟದಿಂದ ತರಗೆಲೆ ಹೊತ್ತು ತಂದು ಕೊಟ್ಟಿಗೆಗೆ, ತೋಟಕ್ಕೆ ಹಾಕುತ್ತಾರೆ. ಅವರು ಅದನ್ನು 'ದರಕು' ಎನ್ನುತ್ತಾರೆ. ಅವರು ಹೊತ್ತು ತರುವುದನ್ನು ನಾವು ಸುಡುತ್ತಿದ್ದೆವು.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದು ಹೇಳಲಾರೆ. ಮೊದಲ ಮಳೆಗೆ ಗುಂಡಿಯಲ್ಲಿ ನೀರು ನಿಂತು ವಾಸನೆ ಬಂತು. ಎರಡನೆಯದನ್ನು ಎತ್ತರದ ಜಾಗದಲ್ಲಿ ತೋಡಬೇಕಾಯಿತು. ಪರೀಕ್ಷೆಯ ದಿನಗಳಲ್ಲಿ ಸರದಿ ತಪ್ಪಿತು, ಆಯಾ ಮತ್ತೆ ಒಬ್ಬರೇ ಗುಡಿಸಿದರು. ಆದರೆ ಬೆಂಕಿ ಹಚ್ಚಲಿಲ್ಲ. ಹುಡುಗಿಯ ಉಬ್ಬಸ ಪೂರ್ತಿ ಹೋಗಿಲ್ಲ, ಅವಳ ಔಷಧ ನಡೆಯುತ್ತಲೇ ಇದೆ. ಆದರೆ ಈ ಚಳಿಗಾಲದಲ್ಲಿ ಅವಳು ಶಾಲೆ ತಪ್ಪಿಸಿದ್ದು ಬಹಳ ಕಡಿಮೆ ಎಂದು ಅವಳ ತಾಯಿ ಹೇಳಿದರು. ಗಡುವು ಮುಗಿದಾಗ ಮರ ಕಡಿಯುವ ಮಾತನ್ನು ಸಮಿತಿಯಲ್ಲಿ ಯಾರೂ ಎತ್ತಲಿಲ್ಲ.

ಕಳೆದ ವಾರ ನಾನು ಐದನೇ ತರಗತಿಯ ಹೊಸ ಮಕ್ಕಳನ್ನು ಮರದಡಿ ಕರೆದುಕೊಂಡು ಹೋದೆ. ಈಗ ಆರನೆಯಲ್ಲಿರುವ ಆ ಹುಡುಗಿಯನ್ನೂ ಕರೆದೆ. "ನೀನು ಕೇಳಿದ ಪ್ರಶ್ನೆಗೆ ಅಂದು ನನಗೆ ಉತ್ತರ ಗೊತ್ತಿರಲಿಲ್ಲ, ಅದಕ್ಕೇ ಗದರಿಸಿದೆ. ಈಗ ಗೊತ್ತಿದೆ. ಇವರಿಗೆ ನೀನೇ ಹೇಳುತ್ತೀಯಾ?" ಎಂದೆ. ಅವಳು ಬಾಗಿದ ರೆಂಬೆಯೊಂದನ್ನು ಹಿಡಿದು, ಎಲೆ ಉದುರಿದ ಜಾಗದಲ್ಲಿ ಉಳಿದ ಸಣ್ಣ ಗುರುತನ್ನು ತೋರಿಸಿದಳು. ಅದರ ಹತ್ತಿರವೇ ಮೊಗ್ಗಿನಂತೆ ಮುಚ್ಚಿಕೊಂಡಿದ್ದ ಚಿಗುರನ್ನೂ ತೋರಿಸಿದಳು. "ಎಲೆ ಹೋದ ಮೇಲೆ ಚಿಗುರು ಬರುವುದಲ್ಲ, ಅದು ಮೊದಲೇ ಇಲ್ಲಿ ಕಾಯುತ್ತಾ ಇರುತ್ತದೆ" ಎಂದಳು. ಅದನ್ನು ನಾನು ಅವಳಿಗೆ ಕಲಿಸಿರಲಿಲ್ಲ. ತಾನೇ ನೋಡಿ ತಿಳಿದದ್ದು.

ಸಹೋದರಿಯರೇ, ನಾಳೆ ನಿಮ್ಮ ಮಗು ಅಂಗಳದಿಂದ ಏನನ್ನೋ ಹಿಡಿದು ಅಡುಗೆಮನೆಗೆ ಬರಬಹುದು. ಒಲೆಯ ಮೇಲೆ ಸಾರು ಉಕ್ಕುತ್ತಿರುತ್ತದೆ, ಕೈಯಲ್ಲಿ ಕೆಲಸ ಇರುತ್ತದೆ. ಉತ್ತರ ಗೊತ್ತಿಲ್ಲದಿದ್ದರೆ ಪರವಾಗಿಲ್ಲ. "ನನಗೂ ಗೊತ್ತಿಲ್ಲ ಮಗಾ, ಕೇಳಿ ತಿಳಿದುಕೊಳ್ಳೋಣ" ಎಂದರೆ ಸಾಕು. ಅಷ್ಟು ಹೇಳಲು ನನಗೆ ನಲವತ್ತು ದಾಟಬೇಕಾಯಿತು. ನಿಮಗೆ ಅಷ್ಟು ತಡವಾಗದಿರಲಿ.